ದೋಸ್ತ, ಗೋವಾದಾಗ ಪರಿಸರ ಓದೂದು ಅಂದ್ರ

ನಿನ್ನೆ ಫೋನಿನಾಗ ಕೇಳಿದಿ ನೋಡು, "ಗಿಡಾ ನೆಡೂದು ಕಲಿಯಾಕ ಗೋವಾಕ್ಕ ಹೋಗಿ ಡಿಗ್ರಿ ಮಾಡಬೇಕೇನೋ, ಇವಿಎಸ್ ನಾವೂ ಬರದೀವಲ್ಲ" ಅಂತ. ಆವಾಗ ಬಸ್ಸಿನಾಗ ಇದ್ದೆ, ಸರಿಯಾಗಿ ಹೇಳಾಕ ಆಗಲಿಲ್ಲ, ಈಗ ಕುಂತು ಬರೀತೀನಿ. ಮೊದಲನೇ ಮಾತು, ನಾ ಗೋವಾಕ್ಕ ಹೋದಾಂವಲ್ಲ, ಹುಟ್ಟಿದ್ದೇ ವಾಸ್ಕೋದಾಗ. ಅಪ್ಪ ನರಗುಂದ ಬಿಟ್ಟು ಸೆಂಟ್ರಿಂಗ್ ಕೆಲಸಕ್ಕ ಬಂದು ಝುವಾರಿನಗರದಾಗ ಮನಿ ಹಿಡಿದಾಂವ. ನಮ್ಮ ಓಣಿ ತುಂಬ ಗದಗ, ಬಾಗಲಕೋಟಿ, ಕೊಪ್ಪಳದ ಮಂದಿ, ಮುಂಜಾನೆ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ನಿನಗ ಯಾವ ರಾಜ್ಯದಾಗ ಅದೀನಿ ಅನ್ನೂದೇ ಗೊತ್ತಾಗಂಗಿಲ್ಲ.

ನೀ ಬರದ ಇವಿಎಸ್, ಅಂದ್ರ ಪರಿಸರ ಅಧ್ಯಯನದ ಪೇಪರ್, ಬ್ಯಾರೆ. 1991ರಾಗ ಸುಪ್ರೀಂ ಕೋರ್ಟ್ ಪರಿಸರ ಎಲ್ಲಾರಿಗೂ ಕಲಿಸ್ರಿ ಅಂದಿತ್ತು, ಅದಕ್ಕ ಬಿಕಾಂನವರಿಗೂ ಆ ಒಂದು ಪೇಪರ್ ಬಂತು. ನಂದು ಪರಿಸರ ಜೀವಶಾಸ್ತ್ರ, ಪ್ರಾಣಿ, ಸಸ್ಯ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಎಲ್ಲಾ ಕೂಡಿದ್ದು, ಮೂರು ವರ್ಷಕ್ಕ ಡಿಗ್ರಿ, ನಾಲ್ಕನೇ ವರ್ಷ ಓದಿದ್ರ ಆನರ್ಸ್. ನೀರಿನಾಗ ಎಷ್ಟು ಆಕ್ಸಿಜನ್ ಕರಗೇತಿ ಅಂತ ನೋಡೂದೈತಲ್ಲ, ಅದು ನನಗ ಭಾಳ ಸೇರ್ತೈತಿ. ಬಾಟ್ಲಿಗೆ ಗಾಳಿಗುಳ್ಳಿ ಹೋಗದಂಗ ನೀರು ತುಂಬಿ, ಎರಡು ದ್ರಾವಣ ಹಾಕಿದ ಕೂಡಲೇ ಕಂದು ಬಣ್ಣದ ಗಷ್ಟು ಕೆಳಗ ಇಳೀತೈತಿ, ಆಸಿಡ್ ಹಾಕಿದ್ರ ಹಳದಿ, ಸ್ಟಾರ್ಚ್ ಹಾಕಿದ್ರ ಗಾಢ ನೀಲಿ. ಆಮ್ಯಾಲೆ ಬ್ಯುರೆಟ್ ಅನ್ನೂ ಅಳತಿ ನಳಿಗಿಯಿಂದ ಒಂದೊಂದೇ ಹನಿ ಬಿಡಬೇಕು, ಯಾವ ಹನಿಗೆ ನೀಲಿ ಪೂರಾ ಹೋಗ್ತೈತೋ ಆ ಹನಿನೇ ಉತ್ತರ. ಒಂದು ಹನಿ ಹೆಚ್ಚಾತು ಅಂದ್ರ ಮತ್ತ ಮೊದಲಿಂದ.

ಇದನ್ನೆಲ್ಲ ಓದಿ ಪಾಸಾಗಬಹುದು ದೋಸ್ತ. ನನ್ನ ದಿನಾ ಹೈರಾಣ ಮಾಡೂದು ಒಂದೇ ಪ್ರಶ್ನೆ, "ನೀ ಯಾರ ಕಡೆ?" ಕರ್ನಾಟಕ, ಗೋವಾ ನಡುವಿನ ಮಹದಾಯಿ ನದಿ ನೀರಿನ ಜಗಳದ ಬಗ್ಗೆ. ಕ್ಲಾಸಿನಾಗ ನದಿ ಪಾಠ ಬಂದ ಕೂಡಲೇ ನಾಕು ಮುಖ ನನ್ನ ಕಡೆ ತಿರುಗ್ತಾವ. ಒಬ್ಬಾಂವ ಎದ್ದು "ಈ ಘಾಟಿ ಮಂದಿ ನಮ್ಮ ಮ್ಹಾದಯ್ ಕದೀತಾರ" ಅಂದೇಬಿಟ್ಟ, ಘಾಟಿ ಅಂದ್ರ ಘಟ್ಟದ ಮ್ಯಾಲಿನವರು ಅಂತ ಹೀಯಾಳಿಸೂ ಮಾತು. ಅವರ ಮನಿಯಾಗ ಆವತ್ತು ಬೇಯಿಸಿದ ಕಾಯಿಪಲ್ಲೆ ಬೆಳಗಾವಿಯಿಂದ ಬಂದಿದ್ದು, ಅವನ ಮನಿ ಕಾಂಕ್ರೀಟಿಗೆ ಸೆಂಟ್ರಿಂಗ್ ಕಟ್ಟಿದವರು ನಮ್ಮ ಅಪ್ಪನಂಥವರು. ಭಾಳ ನೋವಾತು. ಸೂಟಿಗೆ ನರಗುಂದಕ್ಕ ಹೋದ್ರ ಅಲ್ಲಿ ಸೋದರಮಾವ, "ನಿಮ್ಮ ಗೋವಾದವರು ನಮ್ಮ ನೀರು ಯಾವಾಗ ಬಿಡ್ತಾರೋ?" ಅಂತಾನ. ಇಲ್ಲಿ ನಾ ಘಾಟಿ, ಅಲ್ಲಿ ನಾ ಗೋವಾದಾಂವ.

ಮಾವಗೂ ಸಿಟ್ಟು ಬರಾಕ ಕಾರಣ ಐತಿ. 1980ರ ಜುಲೈ 21ಕ್ಕ ನರಗುಂದ, ನವಲಗುಂದದಾಗ ಮಲಪ್ರಭಾ ಕಾಲುವಿ ರೈತರ ಮ್ಯಾಲೆ ಗೋಲಿಬಾರ್ ಆಗಿದ್ದು ಆ ಊರು ಮರ್ತಿಲ್ಲ. ಮಲಪ್ರಭಾದ ನವಿಲುತೀರ್ಥ ಡ್ಯಾಮ್ ತುಂಬದಿದ್ದ ವರ್ಷ ಕಾಲುವಿ ಬಾಯಿ ತಕ್ಕೊಂಡು ಬಿದ್ದಿರ್ತೈತಿ. ಹುಬ್ಬಳ್ಳಿಯಾಗ ನೀ ಕುಡಿಯೂ ನೀರೂ ಅದೇ ಮಲಪ್ರಭಾದ್ದು, ಗೊತ್ತಿರ್ಲಿ.

ಚೋರ್ಲಾ ಘಾಟಿನ ರಸ್ತೇದಾಗ ಕಣಕುಂಬಿ ಬರ್ತೈತಿ. ಮಲಪ್ರಭಾ ಅಲ್ಲೇ ಹುಟ್ಟಿ ಪೂರ್ವಕ್ಕ ಹೋಗಿ ಕೃಷ್ಣಾ ಸೇರ್ತೈತಿ. ಕಳಸಾ ಹಳ್ಳನೂ ಅಲ್ಲೇದೇ, ಆದ್ರ ಅದು ಪಶ್ಚಿಮಕ್ಕ ಇಳದು ಮಹದಾಯಿ ಸೇರ್ತೈತಿ, ಮಹದಾಯಿ ಮುಂದ ಮಾಂಡವಿ ಅನಿಸ್ಕೊಂಡು ಪಣಜಿಯಾಗ ಸಮುದ್ರ ಕಾಣ್ತೈತಿ. ಒಂದೇ ಊರಿನ ಮಳಿ! 2018ರ ಆಗಸ್ಟಿನಾಗ ಈ ನೀರಿನ ಜಗಳ ಬಗೆಹರಿಸೂ ಟ್ರಿಬ್ಯುನಲ್ ಕರ್ನಾಟಕಕ್ಕ 13.42 ಟಿಎಂಸಿ, ಗೋವಾಕ್ಕ 24, ಮಹಾರಾಷ್ಟ್ರಕ್ಕ 1.33 ಅಂತ ಹಂಚಿತು. ನಮ್ಮ 13.42ರಾಗ 8.02 ವಿದ್ಯುತ್ತಿಗೆ, ಕಳಸಾದಿಂದ 1.72, ಬಂಡೂರಿ ಹಳ್ಳದಿಂದ 2.18 ಮಲಪ್ರಭಾಕ್ಕ ತಿರುಗಿಸಬಹುದು ಅಂತ. ಮೂರೂ ರಾಜ್ಯದವರು ಒಪ್ಪದೇ ಸುಪ್ರೀಂ ಕೋರ್ಟಿಗೆ ಹೋದ್ರು.

ಆದ್ರ ನಾ ಚೋಡಣದಾಗ ಮೊಣಕಾಲ ಮಟಾ ಕೆಸರಿನಾಗ ನಿಂತು ನೋಡಿದ್ದೂ ಖರೇನೇ ಅಲ್ಲ? ರಾಯಬಂದರದಿಂದ ಫೆರಿ ಹತ್ತಿದ್ರ ಆ ನಡುಗಡ್ಡಿ, ಉಪ್ಪುನೀರಿನ ಕೆಸರಿನಾಗ ಬೆಳಿಯೂ ಕಾಂಡ್ಲಾ ಗಿಡದ ಕಾಡು, ಸಲೀಂ ಅಲಿ ಪಕ್ಷಿಧಾಮ ಅಲ್ಲೇ. ಅವಿಸೆನಿಯಾ ಅನ್ನೂ ಕಾಂಡ್ಲಾ ಗಿಡದ ಬೇರು ಉಸಿರಾಡಾಕ ಪೆನ್ಸಿಲ್ ಚುಚ್ಚಿದಂಗ ಕೆಸರಿನಿಂದ ಮ್ಯಾಲೆ ಎದ್ದಿರ್ತಾವ, ಎಲಿ ಮ್ಯಾಲೆ ಬೆರಳಾಡಿಸಿ ನೆಕ್ಕಿದ್ರ ಉಪ್ಪು. ಗಿಡ ತಾನೇ ಉಪ್ಪು ಹೊರಗ ಹಾಕ್ತೈತಿ. ಸಮುದ್ರದ ನೀರಿನ ಉಪ್ಪು ಲೀಟರಿಗೆ ಹೆಚ್ಚುಕಡಿಮಿ 35 ಗ್ರಾಂ. ಮಳಿಗಾಲದಾಗ ಘಟ್ಟದ ನೀರು ನುಗ್ಗಿ ಬಂದು ಇಲ್ಲಿ ಉಪ್ಪನ್ನ ಸಮುದ್ರಕ್ಕ ತಳ್ತೈತಿ, ಬ್ಯಾಸಿಗ್ಯಾಗ ಮ್ಯಾಲಿಂದ ನೀರು ಬತ್ತಿದ್ರ ಭರತಿ ಜೋಡಿ ಉಪ್ಪು ಒಳಗ ಒಳಗ ಏರ್ತೈತಿ. ದಂಡಿ ಮ್ಯಾಲಿನ ಖಾಜನ್ ಗದ್ದಿ, ಅಂದ್ರ ಉಪ್ಪುನೀರು ಒಳಗ ಬರದಂಗ ಒಡ್ಡು ಹಾಕಿ ಮಾಡಿದ ಗದ್ದಿ, ಆ ಒಡ್ಡಿನ ಆಸರಕ್ಕ ನಿಂತಾವ, ಅಲ್ಲಿ ಬೆಳಿಯೂ ಕೋರ್ಗುಟ್ ಭತ್ತ ಉಪ್ಪು ತಡೀತೈತಿ ಖರೆ, ಅದಕ್ಕೂ ಮಳಿನೀರು ಬಂದು ಮಣ್ಣು ತೊಳೀಬೇಕು. ಹಿಂಗಿದ್ದಾಗ ಎಷ್ಟು ನೀರು ಅಂತ ಕೇಳೂದರ ಜೋಡಿ ಯಾವ ತಿಂಗಳ ನೀರು ಅಂತನೂ ಕೇಳಬೇಕೋ ಬ್ಯಾಡೋ? ಇಬ್ಬರಿಗೂ ನಾ ಇದನ್ನೇ ಹೇಳ್ತೀನಿ, ಇಬ್ಬರೂ ನೀ ಆ ಕಡೆಯಾಂವ ಅಂತಾರ.

ಹೋದ ಸೂಟಿಗೆ ಮಾವಗ ಪೂರಾ ಒಂದು ಸಂಜಿ ಕುಂತು ಹೇಳಿದೆ. ಸಿಟ್ಟು ಮಾಡ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಉಪ್ಪು ಗದ್ದಿ ತನಕಾ ಬರ್ತೈತೇನು?" ಅಂದ. ಬರ್ತೈತಿ ಅಂದೆ. "ಉಪ್ಪು ಕುಂತ ಹೊಲ ಅಂದ್ರ ಏನಂತ ನನಗ ಗೊತ್ತು" ಅಂದ, ಕಾಲುವಿ ನೀರು ನಿಂತು ಸವಳಾದ ನಮ್ಮದೇ ಪಟ್ಟಿ ಕಡೆ ಕೈ ಮಾಡಿ. ಮರುದಿನ ಮುಂಜಾನೆ ಆ ಸವಳು ಮಣ್ಣು ಒಂದು ಚೀಲದಾಗ ಕಟ್ಟಿ ಕೊಟ್ಟ, ಲ್ಯಾಬಿನಾಗ ನೋಡು ಅಂತ. ಅದರ ಟೆಸ್ಟ್ ಈ ಶನಿವಾರ ಐತಿ.