ಹಳೆಯ ಗಿಟಾರ್‌ನ ಬ್ರಿಡ್ಜ್ ಮೇಲೆದ್ದಿದೆ: ಹೊಸದು ಹಾಕಿಸಬೇಕೆ?

ಪ್ರಶ್ನೆ: ಸೋದರಮಾವ ಮುಂಬಯಿಯಲ್ಲಿದ್ದಾಗ ಕೊಂಡಿದ್ದ, ಉಕ್ಕಿನ ತಂತಿಗಳ ಹಳೆಯ ಅಕೌಸ್ಟಿಕ್ ಗಿಟಾರ್ ಈಗ ನನ್ನ ಬಳಿ ಇದೆ. ಬ್ರಿಡ್ಜ್‌ನ (ಮೇಲ್ಹಲಗೆಗೆ ಅಂಟಿಸಿದ, ತಂತಿಗಳನ್ನು ಸಿಕ್ಕಿಸುವ ಮರದ ತುಂಡು) ಹಿಂಬದಿ ಎದ್ದಿದೆ, ಅದರ ಮೇಲೆ ತಂತಿಗಳನ್ನು ಹೊರುವ ತೆಳು ಪ್ಲಾಸ್ಟಿಕ್ ಪಟ್ಟಿ, ಅಂದರೆ ಸ್ಯಾಡಲ್, ಸೀಳಿದೆ, ತಂತಿಗಳು ಒತ್ತಲಾಗದಷ್ಟು ಎತ್ತರದಲ್ಲಿವೆ. ಎರಡನ್ನೂ ಬದಲಿಸಬೇಕೆ ಅಥವಾ ಸಂದಿಗೆ ಫೆವಿಕ್ವಿಕ್ ಬಿಟ್ಟು, ಸ್ಯಾಡಲನ್ನು ಉಜ್ಜಿ ತಗ್ಗಿಸಿದರೆ ಸಾಕೆ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ತಂತಿಗಳನ್ನು ಸಡಿಲಿಸಿ; ಸಾಮಾನ್ಯ ಉಕ್ಕಿನ ತಂತಿಗಳ ಒಂದು ಸೆಟ್ ಬ್ರಿಡ್ಜನ್ನು ಸುಮಾರು 70 ಕಿಲೋ ಬಲದಿಂದ ಎಳೆಯುತ್ತಿರುತ್ತದೆ. ಸ್ಯಾಡಲನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಬ್ರಿಡ್ಜ್ ಎದ್ದಿರುವುದರಿಂದಲೇ ತಂತಿ ಮೇಲೇರಿದ್ದರೆ, ಈಗ ಉಜ್ಜಿದ ಸ್ಯಾಡಲ್ ಬ್ರಿಡ್ಜ್ ಕೂತ ಮೇಲೆ ಕುಳ್ಳಾಗಿ, ತಂತಿಗಳು ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಗುಂಯ್‌ಗುಡುತ್ತವೆ.

ತೆಳು ಕಾಗದವೊಂದನ್ನು ಸಂದಿಯಲ್ಲಿ ತೂರಿಸಿ ನೋಡಿ. ಅದು ಒಂದೆರಡು ಮಿಲಿಮೀಟರ್‌ಗೆ ನಿಂತರೆ ಅವಸರವಿಲ್ಲ, ಇನ್ನೂ ಒಳಗೆ ಹೋದರೆ ಅಂಟು ಬಿಟ್ಟಿದೆ ಎಂದರ್ಥ. ಆಮೇಲೆ ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ಒಳಗಿನಿಂದ ಬ್ರಿಡ್ಜ್‌ನ ಅಡಿಭಾಗವನ್ನು ಪರೀಕ್ಷಿಸಿ: ಅಲ್ಲಿನ ಪಟ್ಟಿ ಸೀಳಿದೆಯೇ, ಆಧಾರದ ಕಡ್ಡಿಗಳು ಬಿಟ್ಟಿವೆಯೇ, ಬೋಲ್ಟ್‌ನ ನಟ್ಟುಗಳಿವೆಯೇ ಎಂಬುದು ತಿಳಿಯಬೇಕು. ಕೆಲವು ಹಳೆಯ ಗಿಟಾರ್‌ಗಳಲ್ಲಿ ಬ್ರಿಡ್ಜ್‌ನ ಮೇಲಿನ ಬಿಳಿ ಚುಕ್ಕೆಗಳ ಕೆಳಗೆ ಬೋಲ್ಟ್ ಅಡಗಿರುತ್ತದೆ. ಅದನ್ನು ತಿಳಿಯದೆ ಮೀಟಿದರೆ ಮೇಲ್ಹಲಗೆಯೇ ಕಿತ್ತು ಬರುತ್ತದೆ.

ಮರ ಗಟ್ಟಿಯಿದ್ದು ತಂತಿ ಸಿಕ್ಕಿಸುವ ತೂತುಗಳ ಸಾಲಿನಲ್ಲಿ ಸೀಳು ಬಿಟ್ಟಿಲ್ಲವಾದರೆ ಹಳೆಯ ಬ್ರಿಡ್ಜನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅದನ್ನು ಶಾಖ ಕೊಟ್ಟು, ತೆಳು ಅಲಗಿನಿಂದ ಮರದ ಎಳೆಯ ದಿಕ್ಕಿಗೆ ನಿಧಾನವಾಗಿ ಬಿಡಿಸಿ, ಎರಡೂ ಕಡೆಯ ಹಳೆಯ ಅಂಟನ್ನು ಕೆರೆದು, ಮರಕ್ಕೆ ಮರ ನೇರವಾಗಿ ತಾಗುವಂತೆ ಮರಗೆಲಸದ ಅಂಟು ಹಚ್ಚಿ ಕ್ಲಾಂಪ್ ಹಾಕಬೇಕು. ಒಂದು ಹಗಲು-ರಾತ್ರಿ ಕಳೆಯದೆ ತಂತಿ ಬಿಗಿಯಬಾರದು. ಫೆವಿಕ್ವಿಕ್ ಬೇಡವೇ ಬೇಡ: ಅದು ಮರದೊಳಗೆ ಇಳಿದು ಗಾಜಿನಂತೆ ಗಟ್ಟಿಯಾಗುವುದರಿಂದ, ಮುಂದೆ ಸರಿಯಾದ ಅಂಟು ಹಿಡಿಯುವುದಿಲ್ಲ. ಹೊಸ ಬ್ರಿಡ್ಜ್ ಅನಿವಾರ್ಯವಾದರೆ ಬೀಟೆ ಮರದ್ದು ಸಾಕು, ಆದರೆ ಅಳತೆ ಹಳೆಯದರಷ್ಟೇ ಇರಲಿ. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದ) 12ನೇ ಫ್ರೆಟ್‌ವರೆಗಿನ ದೂರಕ್ಕಿಂತ ಅಲ್ಲಿಂದ ಸ್ಯಾಡಲ್‌ವರೆಗಿನ ದೂರ ಒಂದೆರಡು ಮಿಲಿಮೀಟರ್ ಹೆಚ್ಚಿರಬೇಕು, ದಪ್ಪ ತಂತಿಯ ಕಡೆ ಇನ್ನೂ ತುಸು ಹೆಚ್ಚು; ಸ್ಯಾಡಲ್ ಓರೆಯಾಗಿ ಕೂರುವುದು ಇದಕ್ಕಾಗಿಯೇ.

ಸ್ಯಾಡಲನ್ನಂತೂ ಬದಲಿಸಲೇಬೇಕು. ಮೂಳೆಯದು ಉತ್ತಮ. ಗಿಟಾರ್ ಮಗುಚಿದರೂ ಬೀಳದಂತೆ, ಬೆರಳಿನಿಂದ ಎಳೆದರೆ ಬರುವಂತೆ ಅದು ಬ್ರಿಡ್ಜ್‌ನಲ್ಲಿ ಕೊರೆದ ಸಂದಿನಲ್ಲಿ ಕೂರಬೇಕು. ತಳ ಸಮತಟ್ಟಾಗಿ, ಅರ್ಧದಷ್ಟಾದರೂ ಒಳಗಿರಬೇಕು. 12ನೇ ಫ್ರೆಟ್‌ನ ಮೇಲೆ ದಪ್ಪ ತಂತಿಗೆ 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಅಂತರ ಹಿತಕರ. ಅಲ್ಲಿ ಅರ್ಧ ಮಿಲಿಮೀಟರ್ ತಗ್ಗಬೇಕಿದ್ದರೆ ಸ್ಯಾಡಲ್‌ನ ತಳದಿಂದ ಒಂದು ಮಿಲಿಮೀಟರ್ ಉಜ್ಜಬೇಕಾಗುತ್ತದೆ.

ಕಾಸರಗೋಡಿನ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಟಿ ತಿಂಗಳಲ್ಲಿ ಚೆಂಡೆಯ ಚರ್ಮದ ಪಾಡನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ: ತೇವ ಹೀರಿದ ಮೇಲ್ಹಲಗೆ ಉಬ್ಬಿ ತಂತಿಗಳನ್ನು ಎತ್ತುತ್ತದೆ. ಆಗ ಹೊಂದಿಸಿದ ಸ್ಯಾಡಲ್ ಫೆಬ್ರವರಿಯಲ್ಲಿ ತಗ್ಗಾಗಿ ಕಾಣುವುದರಿಂದ, ಕೊನೆಯ ಉಜ್ಜುವಿಕೆಯನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಮಂಗಳೂರಿಗೆ ಒಯ್ಯುವುದಾದರೆ ಯಾವ ಅಂಟು ಬಳಸುತ್ತಾರೆಂದು ಮೊದಲೇ ಕೇಳಿ, ಬಿಚ್ಚಿದ ಹಳೆಯ ಸ್ಯಾಡಲನ್ನು ಅಳತೆಗಾಗಿ ಕೇಳಿ ಪಡೆದುಕೊಳ್ಳಿ.