ಹೊಸ ಕಂಟ್ರೋಲರ್‌ಗೆ ಲಿನಕ್ಸ್ ಡ್ರೈವರ್: ಮೂವರು ಸೇರಿ ಬರೆಯುವುದು ಹೇಗೆ?

ರಾಯಚೂರಿನ ಹತ್ತಿ ದಲಾಲಿ ಅಂಗಡಿಯ ತೂಕದ ಯಂತ್ರಕ್ಕೆ ಹೊಸ ಯುಎಸ್‌ಬಿ ಕಂಟ್ರೋಲರ್ ಬಂದಿದೆ, ಲಿನಕ್ಸ್ ಅದನ್ನು ಗುರುತಿಸುತ್ತಿಲ್ಲ, ಮೂವರು ಗೆಳೆಯರು ಡ್ರೈವರ್ (ಯಂತ್ರವನ್ನು ಲಿನಕ್ಸ್‌ಗೆ ಪರಿಚಯಿಸುವ ಪ್ರೋಗ್ರಾಮ್) ಬರೆಯಲು ಹೊರಟಿದ್ದೇವೆ ಅಂತ ಕೇಳಿದ್ದೀರಿ.

ಮೊದಲು ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಟ್ಟು ಕಂಟ್ರೋಲರ್‌ನ ಐಡಿ, ಅಂದರೆ ಗುರುತಿನ ಸಂಖ್ಯೆ ನೋಡಿ. ಎಷ್ಟೋ ಸಲ ಒಳಗಿರುವುದು ಹಳೇ ಚಿಪ್ಪೇ, ಐಡಿ ಮಾತ್ರ ಹೊಸದು. ಆಗ ಈಗಿರುವ ಡ್ರೈವರ್‌ಗೆ ಒಂದು ಸಾಲು ಸೇರಿಸಿದರೆ ಸಾಕು. ಮೂವರು ಬೇಕೇ ಇಲ್ಲ!

ನಿಜಕ್ಕೂ ಹೊಸ ಚಿಪ್ ಆದರೆ, ಕರ್ನಲ್‌ನ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಮ್‌ನ) ಮೇಂಟೇನರ್ಸ್ ಫೈಲ್‌ನಲ್ಲಿ ಆ ವಿಭಾಗ ನೋಡಿಕೊಳ್ಳುವವರ ಹೆಸರಿದೆ. ಅವರಿಗೆ ಈಗಲೇ ಮೇಲ್ ಹಾಕಿ. ಬೇರೆ ಯಾರೋ ಅದೇ ಕೆಲಸ ಅರ್ಧ ಮುಗಿಸಿರಬಹುದು ಅಲ್ವಾ? ಆರು ತಿಂಗಳು ಗುಟ್ಟಾಗಿ ಬರೆದು ಒಮ್ಮೆಲೇ ಸುರಿದರೆ ಓದುವವರಿಗೂ ತಲೆನೋವು. ಒಂದು ಪ್ಯಾಚ್‌ಗೆ (ಕಳಿಸುವ ಕೋಡ್ ತುಣುಕಿಗೆ) ಒಂದೇ ಬದಲಾವಣೆ ಇರಲಿ. ಬರೆದವರೆಲ್ಲರ ‘ಸೈನ್ಡ್-ಆಫ್-ಬೈ’ ಸಾಲು, ಅಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಸಹಿ, ಬೇಕೇ ಬೇಕು. ಯಂತ್ರ ಯಾರ ಕೈಗೆ ಸಿಗುತ್ತದೋ ಅವರೇ ಟೆಸ್ಟ್ ಮಾಡಲಿ.

ಹೊಸ ಕರ್ನಲ್ ಬರುವುದು ಸುಮಾರು 9-10 ವಾರಕ್ಕೊಮ್ಮೆ. ಹೊಸ ಡ್ರೈವರ್‌ಗಳು ಸಾಮಾನ್ಯವಾಗಿ ಒಳಗೆ ಹೋಗುವುದು ಆ ಸುತ್ತಿನ ಮೊದಲ 2 ವಾರದ ಮರ್ಜ್ ವಿಂಡೋದಲ್ಲಿ, ಅಂದರೆ ಹೊಸ ಕೋಡ್ ಸೇರಿಸಿಕೊಳ್ಳುವ ಅವಧಿಯಲ್ಲಿ. ಅದು ಶುರುವಾಗುವ ಮೊದಲೇ ಪರಿಶೀಲನೆ ಮುಗಿದಿರಬೇಕು. ಹತ್ತಿ ಹಂಗಾಮು ಅಂತ ಅವಸರ ಮಾಡಿದರೆ ಅಲ್ಲಿ ಯಾರೂ ಕೇಳುವುದಿಲ್ಲ.