ಓದುಗರ ಪ್ರಶ್ನೆ: ಸಾಕಿದ ಬೆಕ್ಕನ್ನು ಹೊರಗೆ ಬಿಡಬಹುದೇ?

ಪ್ರಶ್ನೆ: ಶಿರಸಿ ಸೀಮೆಯಲ್ಲಿ ಅಡಿಕೆ ತೋಟದ ಅಂಚಿಗೆ ನಮ್ಮ ಮನೆಯಿದೆ. ಇಲಿಯ ಕಾಟಕ್ಕಾಗಿ ಅಜ್ಜನ ಕಾಲದಿಂದಲೂ ಬೆಕ್ಕು ಸಾಕುತ್ತ ಬಂದಿದ್ದೇವೆ. ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಹಾಲು-ಅನ್ನ ಹಾಕುತ್ತೇವೆ. ಉಳಿದಂತೆ ಅದು ತನ್ನಷ್ಟಕ್ಕೆ ತಿರುಗಾಡಿಕೊಂಡಿರುತ್ತದೆ. ಈಚೆಗೆ ಒಂದು ಮಡಿವಾಳ ಹಕ್ಕಿಯ ಮರಿಯನ್ನೂ ಒಂದು ಹಾರುವ ಓತಿಯನ್ನೂ ಜಗಲಿಗೆ ತಂದು ಹಾಕಿತು. ಬೆಕ್ಕನ್ನು ಹೊರಗೆ ಬಿಡುವುದೇ ತಪ್ಪು, ಹೊರದೇಶಗಳಲ್ಲಿ ಕಾನೂನೇ ಇದೆ ಎಂದು ಮಗಳು ಹೇಳುತ್ತಾಳೆ. ಹೊಟ್ಟೆ ತುಂಬಿದ ಬೆಕ್ಕು ಹಕ್ಕಿಯ ತಂಟೆಗೆ ಹೋಗುವುದಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಯಾರ ಮಾತು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ಹಿರಿಯರ ಮಾತನ್ನು ಮೊದಲು ನೋಡೋಣ, ಏಕೆಂದರೆ ಅದು ಬಹಳ ಮನೆಗಳಲ್ಲಿ ಕೇಳಿಬರುವ ಮಾತು. ಬೆಕ್ಕಿನಲ್ಲಿ ಹಸಿವೂ ಬೇಟೆಯ ತುಡಿತವೂ ಒಂದೇ ಅಲ್ಲ; ಉಂಡು ಮಲಗಿದ ಬೆಕ್ಕು ಕೂಡ ಎಲೆಯಡಿ ಏನಾದರೂ ಸರಿದಾಡಿದರೆ ಎದ್ದು ಹೊಂಚು ಹಾಕುತ್ತದೆ. ಜಗಲಿಗೆ ತಂದು ಹಾಕಿದ್ದಷ್ಟೇ ಅದರ ಬೇಟೆ ಎಂದುಕೊಳ್ಳುವುದೂ ಸರಿಯಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದಾಗ, ಅವು ಹಿಡಿದ ಪ್ರಾಣಿಗಳಲ್ಲಿ ಮನೆಗೆ ತಂದದ್ದು ನೂರಕ್ಕೆ 23ರಷ್ಟು ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟನ್ನು ಕೊಂದ ಜಾಗದಲ್ಲೇ ಬಿಟ್ಟಿದ್ದವು.

ಮಗಳ ಆತಂಕಕ್ಕೆ ಆಧಾರವಿದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿಯಷ್ಟು ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದು ಎಂಬುದನ್ನು ಆ ಅಂಕಿಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ದೀಪಸ್ತಂಭದವರೊಂದಿಗೆ ಬಂದು ಸೇರಿದ ಬೆಕ್ಕುಗಳಿಂದಾಗಿ, ಹಾರಲಾರದ ಒಂದು ಪುಟ್ಟ ಹಕ್ಕಿ 1890ರ ದಶಕದಲ್ಲಿ ಅಲ್ಲಿಂದ ಮರೆಯಾಯಿತು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಂದು ಅಥವಾ ಆನಂತರ ಹುಟ್ಟಿದ ಬೆಕ್ಕುಗಳನ್ನು ಮನೆಯ ಆವರಣದೊಳಗೇ ಇಡಬೇಕೆಂಬ ನಿಯಮವಿದೆ.

ಈ ಲೆಕ್ಕವನ್ನು ಹಾಗೆಯೇ ಮಲೆನಾಡಿಗೆ ತಂದು ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಬೆಕ್ಕಿನ ಜಾತಿಯ ಶತ್ರುವನ್ನೇ ಕಾಣದೆ ಬೆಳೆದ ದ್ವೀಪದ ಜೀವಿಗಳ ಸ್ಥಿತಿ ಬೇರೆ. ಕಾಡುಬೆಕ್ಕು, ಪುನುಗಿನ ಬೆಕ್ಕು, ಮುಂಗುಸಿ, ಕೇರೆ ಹಾವು ಇವುಗಳ ನಡುವೆಯೇ ಬಾಳಿದ ನಮ್ಮ ಹಕ್ಕಿಗಳ ಸ್ಥಿತಿ ಬೇರೆ. ಆದರೂ ಕಾಡುಬೆಕ್ಕಿಗೂ ನಿಮ್ಮ ಬೆಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೇಟೆ ವಿರಳವಾದರೆ ಕಾಡುಬೆಕ್ಕು ಬೇರೆ ಕಡೆ ಹೋಗುತ್ತದೆ, ಇಲ್ಲವೇ ಅದರ ಸಂತತಿ ಇಳಿಯುತ್ತದೆ. ಸಾಕುಬೆಕ್ಕಿಗೆ ಎರಡು ಹೊತ್ತು ಅನ್ನ ಸಿಗುವುದರಿಂದ, ತೋಟದಲ್ಲಿ ಹಕ್ಕಿಗಳು ಎಷ್ಟೇ ಕಡಿಮೆಯಾದರೂ ಅದು ಅಲ್ಲೇ ಇದ್ದು ಉಳಿದವನ್ನೂ ಹಿಡಿಯುತ್ತಿರುತ್ತದೆ. ಆರು ದೇಶಗಳಲ್ಲಿ 925 ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನವು ಮನೆಯಿಂದ ನೂರು ಮೀಟರಿನ ಒಳಗೇ ಕಾಲ ಕಳೆಯುತ್ತಿದ್ದವು. ಎಂದರೆ ಬೇಟೆಯ ಹೊರೆಯೆಲ್ಲ ಮನೆಯ ಸುತ್ತಲ ಸಣ್ಣ ಜಾಗದ ಮೇಲೆ ಬೀಳುತ್ತದೆ. ನಿಮ್ಮಲ್ಲಿ ಆ ಜಾಗವೇ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ಮರದಿಂದ ಮರಕ್ಕೆ ತೇಲುವ ಹಾರುವ ಓತಿಯ ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯಲೇಬೇಕು. ಚಳಿಗಾಲಕ್ಕೆ ವಲಸೆ ಬರುವ ನವರಂಗ ಹಕ್ಕಿ ತರಗೆಲೆಯ ಮೇಲೆ ನಡೆಯುತ್ತಲೇ ಹುಳು ಹೆಕ್ಕುತ್ತದೆ. ಮಡಿವಾಳದ ಮರಿ ಸರಿಯಾಗಿ ಹಾರಲು ಕಲಿಯುವ ಮುನ್ನವೇ ಗೂಡು ಬಿಡುತ್ತದೆ. ಬೆಕ್ಕಿಗೆ ಇವೆಲ್ಲ ಬಹಳ ಸುಲಭದ ತುತ್ತು.

ಇನ್ನು ನಿಮ್ಮ ಹಾಲು-ಅನ್ನದ ವಿಷಯ. ಪತ್ರದಲ್ಲಿ ನೀವು ಹಾದುಹೋಗುವಾಗ ಹೇಳಿದ ಈ ಸಂಗತಿಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ನಾಯಿಯಂತೆ ಬೆಕ್ಕು ಅನ್ನ ಉಂಡು ಬದುಕಬಲ್ಲ ಪ್ರಾಣಿಯಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ದೇಹಕ್ಕಿಲ್ಲ. ಅದು ಮಾಂಸದಿಂದಲೇ ಸಿಗಬೇಕು, ಸಿಗದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಹಾಲು-ಅನ್ನದ ಮೇಲಿದ್ದೂ ನಿಮ್ಮ ಬೆಕ್ಕು ಗಟ್ಟಿಮುಟ್ಟಾಗಿದೆಯೆಂದರೆ ಕೊರತೆಯನ್ನು ತೋಟ ತುಂಬಿಕೊಡುತ್ತಿದೆ ಎಂದೇ ತಿಳಿಯಬೇಕು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಅಂಶ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ನೂರಕ್ಕೆ 36ರಷ್ಟು ಇಳಿಯಿತು. ದಿನಕ್ಕೆ ಐದು-ಹತ್ತು ನಿಮಿಷ ದಾರ, ಗರಿ ಆಡಿಸಿ ಆಟವಾಡಿಸಿದಾಗ 25ರಷ್ಟು ಇಳಿಯಿತು. ಹಸಿವು ತೀರಿದರೆ ಬೇಟೆ ನಿಲ್ಲುತ್ತದೆ ಎಂದು ಇದರ ಅರ್ಥವಲ್ಲ, ಸರಿಯಾದ ಆಹಾರ ಅದನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ ಎಂದಷ್ಟೇ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರವನ್ನು ಅಡುಗೆಮನೆಗೆ ತರಲು ಮನಸ್ಸಾಗದಿದ್ದರೆ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಇಡಬಹುದು. ಬೆಕ್ಕು ಹೇಗೂ ಮಾಂಸ ತಿನ್ನುತ್ತದೆ. ಅದು ಪೊಟ್ಟಣದಿಂದ ಬರಬೇಕೋ ಮಡಿವಾಳದ ಗೂಡಿನಿಂದ ಬರಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಇಲಿಯ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಬೆಕ್ಕಿನ ಶೌರ್ಯದ ಬಗ್ಗೆ ನಮಗೆ ತುಸು ಹೆಚ್ಚೇ ನಂಬಿಕೆಯಿದೆ. ಬಲಿತ ಹೆಗ್ಗಣವನ್ನು ಕಂಡರೆ ಎಷ್ಟೋ ಬೆಕ್ಕುಗಳು ದಾರಿ ಬಿಟ್ಟು ನಿಲ್ಲುತ್ತವೆ. ಅಟ್ಟದ ಸಣ್ಣ ಇಲಿಗಳ ಮಟ್ಟಿಗೆ ಮಾತ್ರ ಅದು ನಿಜಕ್ಕೂ ಉಪಯೋಗಿ, ಮತ್ತು ಆ ಇಲಿಗಳು ಓಡಾಡುವುದು ರಾತ್ರಿ, ಮನೆಯೊಳಗೆ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಬೆಕ್ಕನ್ನು ಒಳಗೆ ಕರೆದು, ಬಿಸಿಲು ಏರಿದ ಮೇಲೆ ಹೊರಗೆ ಬಿಡುವುದು ನನ್ನ ಸಲಹೆ. ಅದರ ಕೆಲಸ ಒಳಗೆ ನಡೆಯುತ್ತದೆ. ಹಕ್ಕಿಗಳು ನೆಲಕ್ಕಿಳಿದು ಮೇಯುವ ಮುಂಜಾನೆ, ಮುಸ್ಸಂಜೆಗಳಲ್ಲಿ ತೋಟ ನಿರಾತಂಕವಾಗಿರುತ್ತದೆ. ಚಿರತೆಯ ಭಯವೂ ತಪ್ಪುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ, ಮರಿಗಳು ಗೂಡಿನಿಂದ ಇಳಿಯುವ ಕಾಲದಲ್ಲಿ, ಹಗಲು ಕೂಡ ಆದಷ್ಟು ಒಳಗಿರಲಿ. ಕೊರಳಿಗೆ ಗಂಟೆ ಕಟ್ಟಿದರೆ ಸಾಲದೇ ಎಂದು ನೀವು ಕೇಳಬಹುದು. ಎಕ್ಸೆಟರ್‌ನವರ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ಹಾರಲು ಬಾರದ ಮರಿಗೆ ಗಂಟೆ ಕೇಳಿಸಿಯೂ ಏನು ಮಾಡೀತು? ಎಲ್ಲಕ್ಕಿಂತ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ರೇಬಿಸ್ ಲಸಿಕೆಯನ್ನೂ ಪಶುವೈದ್ಯರಿಂದ ಮಾಡಿಸಿರಿ. ಹೆಣ್ಣು ಬೆಕ್ಕು ವರ್ಷ ತುಂಬುವ ಮೊದಲೇ ಮರಿ ಹಾಕಬಲ್ಲದು, ಮತ್ತು ಯಾರೂ ಒಯ್ಯದೆ ಉಳಿದ ಮರಿಗಳೇ ಮುಂದೆ ತೋಟ ಸೇರಿ ಒಡೆಯರಿಲ್ಲದ ಬೆಕ್ಕುಗಳಾಗುತ್ತವೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದೇವೆ. ನಮ್ಮ ಬೆಕ್ಕು ಪೈಪು ಹಿಡಿದು ಇಳಿದು ಪಕ್ಕದ ಪಾರ್ಕಿಗೆ ಹೋಗುತ್ತದೆ. ಒಳಗೆ ಕೂಡಿಹಾಕುವುದು ಹಿಂಸೆಯಲ್ಲವೇ? ಆ ಪಾರ್ಕಿನಲ್ಲಿ ಕೆಲವರು ಬೀದಿ ಬೆಕ್ಕುಗಳಿಗೂ ಊಟ ಹಾಕುತ್ತಾರೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಬೆಕ್ಕು ಒಳಗೇ ಇರಲಿ. ಅದಕ್ಕೆ ಇಲಿ ಹಿಡಿಯುವ ಕೆಲಸವೂ ಇಲ್ಲ. ಹೊರಗೆ ವಾಹನ, ನಾಯಿ, ರೋಗಗಳ ಅಪಾಯವಿದೆ, ಪಾರ್ಕಿನ ಸೂರಕ್ಕಿ, ಅಳಿಲುಗಳಿಗೆ ಅದರ ಅಪಾಯವಿದೆ. ಬಾಲ್ಕನಿಗೆ ಜಾಲರಿ ಹಾಕಿಸಿ, ಹತ್ತಲು ಎತ್ತರದ ಹಲಗೆ, ಉಗುರು ಮಸೆಯಲು ಸೆಣಬು ಸುತ್ತಿದ ಕಂಬ, ದಿನವೂ ಸ್ವಲ್ಪ ಆಟ ಒದಗಿಸಿದರೆ ಅದು ಹಿಂಸೆಯಾಗುವುದಿಲ್ಲ. ಮೊದಲ ಕೆಲವು ವಾರ ಬಾಗಿಲ ಬಳಿ ಕೂಗಾಟ ಇದ್ದೇ ಇರುತ್ತದೆ, ಅದಕ್ಕೆ ಮಣಿಯಬೇಡಿರಿ. ಬೀದಿ ಬೆಕ್ಕುಗಳಿಗೆ ಊಟ ಹಾಕುವವರು ಅವುಗಳಿಗೆ ಸಂತಾನಹರಣವನ್ನೂ ಮಾಡಿಸದಿದ್ದರೆ ಪಾರ್ಕಿನಲ್ಲಿ ಅವುಗಳ ಸಂಖ್ಯೆ ಏರುತ್ತಲೇ ಹೋಗುತ್ತದೆ. ಇದನ್ನು ನಿವಾಸಿಗಳ ಸಂಘದಲ್ಲಿ ಎತ್ತಿ, ಖರ್ಚನ್ನು ಹಂಚಿಕೊಳ್ಳುವುದು ಮೇಲು. ಅವುಗಳನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವ ಸಲಹೆಯನ್ನು ಅಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಪ್ರಾಣಿಗಳನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂದು ಅವರಿಗೆ ತಿಳಿಸಿರಿ.